ಗೊದ್ದದ ಎಡ ಹಿಂಗಾಲು

ದೇವನಕಟ್ಟೆ ಊರಿನ ಮ್ಯಾನ್‌ಹೋಲುಗಳಿಗೆಲ್ಲ ಬೀಗ ಬಿದ್ದ ವರ್ಷ ಗಾಳಿಗುಡ್ಡ ಕಾಲೊನಿಯ ಜನ ಮನೆಮನೆಗೂ ಸಿಹಿ ಹಂಚಿದರು. ಬೀಗ ಅಂದರೆ ಕೀಲಿಕೈ ಹಾಕಿ ತೆಗೆಯುವ ಬೀಗವಲ್ಲ. ಮುಚ್ಚಳದ ಒಳಗೆ ಒಂದು ಚಿಪ್, ಆ ಚಿಪ್‌ಗೆ ಗೊತ್ತಿರುವುದು ಒಂದೇ ಒಂದು ಗುರುತು. ಯಂತ್ರ ಬಂದು ಮುಂದೆ ನಿಂತರೆ ಮುಚ್ಚಳ ತಾನಾಗಿ ಸರಿಯುತ್ತದೆ. ಯಂತ್ರ ಕೆಳಗಿಳಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮನುಷ್ಯ ಬಂದು ಹಾರೆ ಹಾಕಿ ಮೀಟಿದರೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಗುಂಡಿಗೆ ಆಳು ಇಳಿಸಬಾರದು ಅಂತ ಕಾನೂನು ಮಾಡಿ ಯಾವ ಕಾಲವಾಗಿತ್ತೋ. ಕಾನೂನು ಓದುವವರು ಓದುತ್ತಲೇ ಇದ್ದರು, ಇಳಿಯುವವರು ಇಳಿಯುತ್ತಲೇ ಇದ್ದರು. ಕೊನೆಗೆ ಯಾರೋ ಪುಣ್ಯಾತ್ಮರು, ಮನುಷ್ಯರಿಗೆ ಹೇಳಿ ಪ್ರಯೋಜನವಿಲ್ಲ, ಮುಚ್ಚಳಕ್ಕೇ ಹೇಳೋಣ ಅಂತ ತೀರ್ಮಾನಿಸಿದರು.

ಆ ಯಂತ್ರಕ್ಕೆ ಸರ್ಕಾರಿ ಕಾಗದದಲ್ಲಿ ಮೊಳದುದ್ದದ ಹೆಸರಿತ್ತು. ಕಾಲೊನಿಯವರು ಒಂದು ಸಲ ನೋಡಿ ಗೊದ್ದ ಅಂದರು, ಅದೇ ನಿಂತಿತು. ಕರಿ ಮೈ, ಆರು ಕಾಲು, ವಿಷಗಾಳಿ ಮೂಸಿ ನೋಡಲು ಮುಂದೆ ಎರಡು ಮೀಸೆ. ಥೇಟ್ ಗೊದ್ದದ ಇರುವೆಯೇ, ಮೇಕೆಮರಿಯಷ್ಟು ದೊಡ್ಡದು ಅಷ್ಟೆ. ಒಂದೊಂದು ಕಾಲಿಗೆ ಮೂರು ಕೀಲು, ಕೀಲಿಗೊಂದು ಸರ್ವೊ ಮೋಟಾರು, ಒಟ್ಟು ಹದಿನೆಂಟು. ಹಿಂದೆಲ್ಲ ಆಟದ ವಿಮಾನ, ಆಟದ ಕಾರು ಮಾಡುವ ಹವ್ಯಾಸದವರು ಕೊಳ್ಳುತ್ತಿದ್ದ ಸಣ್ಣ ಮೋಟಾರುಗಳೇ ಇವು. ಆಮೇಲೆ ಗುಂಡಿಯ ಗಾಳಿಗೂ ಕೆಡದ ಹೊಸ ಬಗೆಯ ಹಲ್ಲುಚಕ್ರ ಬಂದು, ಬೆಂಕಿಪೊಟ್ಟಣದಷ್ಟು ಮೋಟಾರಿಗೆ ಗಟ್ಟಿ ಆಳಿನ ರಟ್ಟೆಯ ಬಲ ಬಂತು. ಬೆಲೆ ಮಾತ್ರ ಆಟಿಕೆಯದೇ ಉಳಿಯಿತು. ಹಾಗಾಗಿ ಗೊದ್ದಗಳನ್ನು ದೊಡ್ಡ ಕಾರ್ಖಾನೆಗೆ ಕೊಡದೆ, ಊರೂರಿನ ಶೆಡ್ಡುಗಳಲ್ಲಿ, ಗುಂಡಿಗೆ ಇಳಿಯುತ್ತಿದ್ದವರ ಮನೆಯ ಹೆಂಗಸರ ಕೈಯಲ್ಲೇ ಜೋಡಿಸಲು ಕೊಟ್ಟರು.

ಗಾಳಿಗುಡ್ಡದ ಶೆಡ್ಡಿನಲ್ಲಿ ಸುಂಕಮ್ಮನ ಕೆಲಸ ಮೋಟಾರಿಗೆ ನಡು ಹಿಡಿಸುವುದು. ಕೇಳಿದರೆ ಇದೇನು ಮಹಾ ಅನಿಸುತ್ತದೆ. ಸರ್ವೊ ಅನ್ನುವುದು ಫ್ಯಾನಿನ ಹಾಗೆ ಗಿರಗಿರ ತಿರುಗುವ ಮೋಟಾರಲ್ಲ. ಅರ್ಧ ಸುತ್ತು ಮಾತ್ರ ತಿರುಗುತ್ತದೆ, ಹೇಳಿದ ಕಡೆ ನಿಲ್ಲುತ್ತದೆ. ಆ ಅರ್ಧ ಸುತ್ತಿನ ಸರಿ ಮಧ್ಯವೇ ಅದರ ನಡು. ಪೆಟ್ಟಿಗೆಯಿಂದ ತೆಗೆದಾಗ ಅದು ಎತ್ತಲೋ ಮುಖ ಮಾಡಿಕೊಂಡಿರುತ್ತದೆ. ಟೆಸ್ಟರಿಗೆ ಸಿಕ್ಕಿಸಿ ಕರೆಂಟು ಕೊಟ್ಟರೆ ಕುಯ್ ಅಂತ ತಿರುಗಿ ನಡುವಿಗೆ ಬಂದು ನಿಲ್ಲುತ್ತದೆ. ಆಗ ಅದರ ತಲೆಯ ಮೇಲೆ ಪ್ಲಾಸ್ಟಿಕ್ಕಿನ ಕೊಂಬನ್ನು ನೆಟ್ಟಗೆ ಒತ್ತಿ ಕೂರಿಸಬೇಕು. ಯಂತ್ರದ ಕಾಲು ಸೇರುವುದು ಆ ಕೊಂಬಿಗೆ. ಕೊಂಬು ಓರೆ ಕೂತರೆ ಮೋಟಾರಿಗೆ ಗೊತ್ತಾಗುವುದಿಲ್ಲ. ನಾನು ನಡುವಿನಲ್ಲೇ ಇದ್ದೀನಿ ಅಂದುಕೊಂಡೇ ಅದು ಕೊನೇತನಕ ಓರೆ ಕೆಲಸ ಮಾಡುತ್ತದೆ.

ಕೊಂಬುಗಳು ಸಣ್ಣವು, ಬಿದ್ದರೆ ಸಿಗುವುದಿಲ್ಲ. ಅದಕ್ಕೆ ಪೆಟ್ಟಿಗೆ ಒಡೆದ ತಕ್ಷಣ ಎಲ್ಲ ಮೋಟಾರಿಗೂ ಕೊಂಬು ಸುಮ್ಮನೆ ಸಿಕ್ಕಿಸಿಡುವುದು, ಆಮೇಲೆ ಒಂದೊಂದಾಗಿ ತೆಗೆದು ನಡು ಹಿಡಿಸಿ ಸರಿಯಾಗಿ ಕೂರಿಸುವುದು ಶೆಡ್ಡಿನ ರೂಢಿ. ತೊಂದರೆ ಏನೆಂದರೆ, ಮುಗಿದದ್ದಕ್ಕೂ ಮುಗಿಯದ್ದಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಗುರುತಿಗೆ ಬಣ್ಣ ಕೊಡಿ ಅಂತ ಕೇಳಿ ಕೇಳಿ ಹೆಂಗಸರಿಗೆ ಸಾಕಾಯಿತು, ಬಣ್ಣ ಬರಲಿಲ್ಲ. ಒಂದು ದಿನ ಸುಂಕಮ್ಮನೇ ಮನೆಯಿಂದ ಕುಂಕುಮ ತಂದು ನೀರಲ್ಲಿ ಕಲಸಿ, ಊದುಬತ್ತಿ ಕಡ್ಡಿಯ ತುದಿಯಿಂದ ಮುಗಿದದ್ದಕ್ಕೆಲ್ಲ ಒಂದೊಂದು ಬೊಟ್ಟು ಇಟ್ಟಳು.

"ಭೇಷ್!" ಅಂದರು ಶೆಡ್ಡಿನ ಎಂಜಿನಿಯರು ಶಾಹೀನಾ ಮೇಡಂ. "ಬೊಟ್ಟು ಇದ್ರೆ ಮುಗೀತು, ಇಲ್ಲದಿದ್ರೆ ಬಾಕಿ. ಇವತ್ತಿಂದ ಇದೇ ನಿಯಮ."

ಸುಂಕಮ್ಮನ ಗಂಡ ಓಬಳೇಶ ಹನ್ನೊಂದು ವರ್ಷ ಗುಂಡಿಗೆ ಇಳಿದವನು. ಅವನ ಅಪ್ಪ ಗುಂಡಿಯಲ್ಲೇ ಹೋದವನು. ತಾಯಿ ತಿಪ್ಪಮ್ಮ ಬೀದಿ ಗುಡಿಸಿ ಮಗನನ್ನೂ ಮಗಳನ್ನೂ ಸಾಕಿದಳು, ಮಗಳನ್ನು ದೂರದ ಊರಿಗೆ ಕೊಟ್ಟಳು. ಇವನೊಬ್ಬನನ್ನಾದರೂ ಆ ಕೆಲಸದಿಂದ ತಪ್ಪಿಸಬೇಕು ಅಂತ ಕಂಡಕಂಡವರ ಕಾಲು ಹಿಡಿದಳು, ಆಗಲಿಲ್ಲ. ಮಗ ಕೆಲಸದಿಂದ ಬಂದು ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವ ಸದ್ದು ಕೇಳುವ ತನಕ ಅವಳು ತುತ್ತು ಬಾಯಿಗೆ ಇಡುತ್ತಿರಲಿಲ್ಲ. ಸುಂಕಮ್ಮ ಬೇರೆಯವಳೇನಲ್ಲ, ಅವಳ ಅಣ್ಣನ ಮಗಳು. ತಾಯಿ ಸತ್ತ ಹುಡುಗಿಯನ್ನು ತಂದು ತಲೆಬಾಚಿ, ಶಾಲೆಗೆ ಕಳಿಸಿ, ಕೊನೆಗೆ ಮಗನಿಗೇ ಮಾಡಿಕೊಂಡಿದ್ದಳು. ಸೊಸೆ ಶೆಡ್ಡಿಗೆ ಸೇರಿದ ಮೇಲೆ ತಿಪ್ಪಮ್ಮನ ಜಂಬ ನೋಡಬೇಕಿತ್ತು. ನಲ್ಲಿಯ ಹತ್ತಿರ ಕೊಡ ಇಟ್ಟು, "ನಮ್ಮ ಸುಂಕಿ ಮೋಟಾರು ಡಾಕ್ಟ್ರು ಕಣ್ರೇ. ನನ್ನ ಮಗನ್ನ ಗುಂಡಿಯಿಂದ ಎತ್ತೋಳು ಅವಳೇ," ಅನ್ನುತ್ತಿದ್ದಳು.

ಕೆಲಸ ಜಾಸ್ತಿಯಾದಾಗ ಸುಂಕಮ್ಮ ಟೆಸ್ಟರನ್ನೂ ಮೋಟಾರಿನ ಟ್ರೇಯನ್ನೂ ಮನೆಗೆ ತರುತ್ತಿದ್ದಳು. ಸಂಜೆ ಓಬಳೇಶ ಪಕ್ಕದಲ್ಲಿ ಕೂತು, ಅವಳು ಹೇಳಿಕೊಟ್ಟ ಹಾಗೆ ನಾಲ್ಕಾರು ಮೋಟಾರಿಗೆ ತಾನೇ ನಡು ಹಿಡಿಸಿ ಕೊಡುತ್ತಿದ್ದ. ಬೊಟ್ಟು ಮಾತ್ರ ಅವಳೇ ಇಡುತ್ತಿದ್ದಳು. ಅದು ಲೆಕ್ಕದ ಗುರುತು ಅಂತ ಅವನಿಗೆ ತಿಳಿದಿರಲಿಲ್ಲ. ಹೆಂಡತಿ ಭಕ್ತಿಯಿಂದ ಪೂಜೆ ಮಾಡುತ್ತಾಳೆ ಅಂದುಕೊಂಡಿದ್ದ.

"ಮೋಟಾರಿಗೆ ದಿನಾ ಪೂಜೆ. ಕಟ್ಟಿಕೊಂಡ ಗಂಡನಿಗೆ ವರ್ಷಕ್ಕೊಂದು ದಿನಾನೂ ಇಲ್ಲ," ಅಂತ ಒಂದು ಸಂಜೆ ಛೇಡಿಸಿದ.

"ಅಬ್ಬಾ, ನೀನೇನು ದೇವ್ರಾ ಮಾವ?" ಅಂದು ಸುಂಕಮ್ಮ ಒಂದು ಬೊಟ್ಟನ್ನು ಅವನ ಮೂಗಿನ ಮೇಲೂ ಇಟ್ಟಳು. ತಿಪ್ಪಮ್ಮ ಒಲೆಯ ಮುಂದಿನಿಂದಲೇ ನಕ್ಕಳು. ಇದು ಪೂಜೆಯಲ್ಲ, ಗುರುತು ಅಂತ ಹೇಳಬೇಕು ಅಂತ ಸುಂಕಮ್ಮನಿಗೆ ಅನಿಸಲಿಲ್ಲ. ಗಂಡ ಹಾಗೆ ಅಂದುಕೊಂಡದ್ದು ಅವಳಿಗೆ ಹಿತವಾಗಿತ್ತು.

ಊರಿನಲ್ಲಿ ಮೊದಲು ಇಳಿಯಬೇಕಿದ್ದ ಗೊದ್ದದ ಹದಿನೆಂಟು ಮೋಟಾರು ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿದ್ದವು. ಹದಿನಾಲ್ಕು ಮುಗಿದಿದ್ದವು. ಅಷ್ಟರಲ್ಲಿ ತಂಗಿಗೆ ಹೆರಿಗೆ ನೋವು ಶುರುವಾಗಿದೆ ಅಂತ ಫೋನು ಬಂತು. ಉಳಿದ ನಾಲ್ಕನ್ನು ಬಂದು ಮಾಡಿದರಾಯಿತು ಅಂತ ಟ್ರೇಯನ್ನು ಗೂಡಿನಲ್ಲಿಟ್ಟು ಅವಳು ಬಸ್ಸು ಹತ್ತಿದಳು.

ಮೂರನೆಯ ದಿನ ಬೆಳಿಗ್ಗೆ ವಾಪಸ್ಸು ಬಂದಾಗ ಓಬಳೇಶ ಆಗಲೇ ಕೆಲಸಕ್ಕೆ ಹೋಗಿದ್ದ, ತಿಪ್ಪಮ್ಮ ನೀರಿಗೆ ಹೋಗಿದ್ದಳು. ಶೆಡ್ಡಿನ ಆಟೋ ಬಾಗಿಲಲ್ಲಿ ಹಾರನ್ನು ಹೊಡೆಯುತ್ತಿತ್ತು. ಸುಂಕಮ್ಮ ಟ್ರೇ ತೆಗೆದು ನೋಡಿದಳು. ಹದಿನೆಂಟಕ್ಕೂ ಕುಂಕುಮ.

ಅವಳ ಕಣ್ಣು ತುಂಬಿ ಬಂತು. ಅಯ್ಯೋ ಪಾಪ, ಹಬ್ಬದ ದಿನವೂ ಕೂತು ನನ್ನ ಕೆಲಸ ಮುಗಿಸಿಟ್ಟಿದ್ದಾನಲ್ಲ ಅಂದುಕೊಂಡಳು. ಟ್ರೇಯನ್ನು ಎದೆಗೆ ಒತ್ತಿಕೊಂಡೇ ಆಟೋ ಹತ್ತಿದಳು.

ಶೆಡ್ಡಿನಲ್ಲಿ ಮೋಟಾರುಗಳನ್ನು ಕಾಲಿಗೆ ಸೇರಿಸಿ ತಿರುಪು ಬಿಗಿದರು. ಸಂಜೆ ಹೊತ್ತಿಗೆ ಗೊದ್ದ ಎದ್ದು ನಿಂತಿತು. ಎಡ ಹಿಂಗಾಲು ಒಂಚೂರು ಹೊರಕ್ಕೆ ಚಾಚಿದ ಹಾಗೆ ಸುಂಕಮ್ಮನಿಗೆ ಕಂಡಿತು. ಶೆಡ್ಡಿನ ನೆಲ ಮೊದಲೇ ಓರೆಕೋರೆ. ನೆಲದ್ದೇ ಇರಬೇಕು ಅಂದುಕೊಂಡು ಅವಳು ಸುಮ್ಮನಾದಳು. ಗೊದ್ದ ಶೆಡ್ಡಿನ ತುಂಬ ನಡೆದಾಡಿತು. ಹೆಂಗಸರು ಚಪ್ಪಾಳೆ ಹೊಡೆದರು, ಒಬ್ಬಳು ದೃಷ್ಟಿ ತೆಗೆದಳು.

ಒಂದು ತಿಂಗಳ ಪರೀಕ್ಷೆ ಅಂತ ಗೊತ್ತಾಗಿತ್ತು. ತಿಂಗಳು ಪೂರ್ತಿ ಗೊದ್ದ ಕೈಕೊಡದೆ ಕೆಲಸ ಮಾಡಿದರೆ ಊರಿಗೆಲ್ಲ ಗೊದ್ದ ಬರುತ್ತವೆ. ನಡುವೆ ಒಂದು ಸಲ ಸಿಕ್ಕಿಕೊಂಡು ನಿಂತರೂ ಯೋಜನೆ ವಾಪಸ್ಸು, ಮುಚ್ಚಳದ ಬೀಗವೂ ವಾಪಸ್ಸು. ಆಮೇಲೆ ಮತ್ತೆ ಹಗ್ಗ, ಬಕೀಟು, ಮನುಷ್ಯ. ಕಾಲೊನಿಯಲ್ಲಿ ಗುಂಡಿಗೆ ಇಳಿಯುವ ಗಂಡಸರು ಮೂವತ್ತೊಂದು ಮಂದಿ. ಅಷ್ಟೂ ಮನೆಯವರು ಆ ತಿಂಗಳು ಉಸಿರು ಬಿಗಿಹಿಡಿದುಕೊಂಡಿದ್ದರು.

ಎಂಟು ದಿನ ಚೆನ್ನಾಗಿ ನಡೆಯಿತು. ಅಗಲವಾದ ಗುಂಡಿಗಳು, ಕಾಲು ಆರಾಮಾಗಿ ಚಾಚುವ ಜಾಗ. ಒಂಬತ್ತನೆಯ ದಿನ ಹಳೇ ಪೇಟೆಯ ಗುಂಡಿ, ಇಟ್ಟಿಗೆ ಕಟ್ಟಿದ ಕಾಲದ್ದು, ಕೊರಳು ಇಕ್ಕಟ್ಟು. ಅವತ್ತು ವ್ಯಾನಿನಲ್ಲಿ ಪರದೆಯ ಮುಂದೆ ಸುಂಕಮ್ಮನ ಸರದಿ. ಓಬಳೇಶನೂ ಅವನ ಜೊತೆಯ ಹೊನ್ನೂರನೂ ಹೊರಗೆ ಕೇಬಲ್ಲು ಹಿಡಿದಿದ್ದರು. ಗೊದ್ದ ಕಾಲು ಮಡಚಿ ಮಡಚಿ ಹತ್ತು ಅಡಿ ಇಳಿಯಿತು. ಕೊರಳು ಕಿರಿದಾದ ಕಡೆ ಐದು ಕಾಲು ಪೂರ್ತಿ ಮಡಚಿದವು. ಎಡ ಹಿಂಗಾಲು ಮಡಚಲಿಲ್ಲ. ಪರದೆಯಲ್ಲಿ ಕಾಲು ಮಡಚಿದೆ ಅಂತಲೇ ಹಸಿರು ದೀಪ ಉರಿಯುತ್ತಿತ್ತು. ಒಳಗೆ ಅದು ಇಟ್ಟಿಗೆಯ ಸಂದಿಗೆ ಕಚ್ಚಿಕೊಂಡು ನಿಂತಿತ್ತು.

"ಹಿಂದಕ್ಕೆ ತಗೊಳ್ಳಿ ಮಾವ, ಎಳೀರಿ," ಅಂದಳು ಸುಂಕಮ್ಮ. ಇಬ್ಬರೂ ಎಳೆದರು. ಬರಲಿಲ್ಲ. ಗೊದ್ದ ಕೊರಳಲ್ಲೇ ಇದ್ದುದರಿಂದ ಮುಚ್ಚಳವೂ ಮುಚ್ಚಿಕೊಳ್ಳದೆ ಬಾಯಿ ತೆರೆದುಕೊಂಡು ನಿಂತಿತು.

ಓಬಳೇಶ ವ್ಯಾನಿನ ಕಿಟಕಿಗೆ ಬಂದ. "ಮೇಲಿನವರಿಗೆ ಫೋನು ಮಾಡಬೇಡ ಕಣೆ. ನಿಂತಿದೆ ಅಂತ ಗೊತ್ತಾದ್ರೆ ಇವತ್ತೇ ಎಲ್ಲ ಮುಗೀತು. ಹತ್ತೇ ಅಡಿ. ಕಾಲು ಬಿಡಿಸಿ ಬರ್ತೀನಿ."

"ಬೇಡ ಮಾವ! ಮೀಸೆ ಕೆಂಪು ತೋರಿಸ್ತಿದೆ, ಕೆಳಗೆ ಗಾಳಿ ಸರಿಯಿಲ್ಲ!"

"ಹನ್ನೊಂದು ವರ್ಷ ಮೀಸೆ ನೋಡಿ ಇಳಿದೆನಾ? ಇದೇ ಕೊನೇದು, ನಿನ್ನಾಣೆ," ಅಂದ ಅವನು. ಅವಳು ವ್ಯಾನಿನಿಂದ ಧುಮುಕಿ ಓಡಿ ಬರುವಷ್ಟರಲ್ಲಿ ಅವನ ತಲೆ ಮರೆಯಾಗಿತ್ತು. ಗೊದ್ದದ ಪಕ್ಕದಲ್ಲೇ ನುಸುಳಿ ಅದರ ಕೆಳಗಿನಿಂದ, "ಬಿಡ್ತು ಬಿಡ್ತು, ಎಳೀ ಹೊನ್ನೂರ," ಅಂತ ಕೂಗಿದ. ಹೊನ್ನೂರ ಎಳೆದ, ಗೊದ್ದ ಮೇಲೆ ಬಂತು. ಓಬಳೇಶ ಬರಲಿಲ್ಲ.

ಸಾವಿನ ಹನ್ನೊಂದನೆಯ ದಿನ ನೆಂಟರೆಲ್ಲ ತಿಥಿಯ ಊಟ ಮಾಡಿ ಎದ್ದ ಮೇಲೆ ತಿಪ್ಪಮ್ಮ ಸೊಸೆಯ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ಅಷ್ಟು ದಿನ ಅವಳೇ ಸುಂಕಮ್ಮನಿಗೆ ಗಂಜಿ ಕುಡಿಸಿದ್ದಳು, ಅವಳೇ ತಲೆ ಸವರಿದ್ದಳು. ನಿನಗೆ ನಾನು, ನನಗೆ ನೀನು ಕಣವ್ವ, ಇನ್ಯಾರಿದ್ದಾರೆ ಅಂತ ಹೇಳಿ ಹೇಳಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಅತ್ತಿದ್ದರು. ಈಗ ಅವಳಿಗೆ ಮಗನ ಬಗ್ಗೆ ಏನಾದರೂ ಒಳ್ಳೆಯ ಮಾತು ಆಡಬೇಕು ಅನಿಸಿತ್ತು.

"ಪೂಜೆ ದಿನ ನೀನಿರಲಿಲ್ಲ ಸುಂಕಿ. ಎಷ್ಟು ಖುಷಿಯಾಗಿದ್ದ ಅಂತೀಯ ನನ್ನ ಕಂದ. ಹಾರೆಗಿಟ್ಟ, ಸೈಕಲ್ಲಿಗಿಟ್ಟ. ನಾನೇ ಅಂದೆ, ಓಬ್ಳೇಶ, ನಿನ್ನ ಗುಂಡಿಯಿಂದ ಎತ್ತೋ ಸಾಮಾನು ಅಲ್ಲಿ ಗೂಡಲ್ಲಿದೆ, ಅದಕ್ಕಿಡೋ. ನಾಕಕ್ಕೆ ಕುಂಕುಮ ಇಲ್ಲ ಕಣವ್ವ, ನಿನ್ನ ಸೊಸೆ ಮರೆತು ಹೋಗಿದ್ದಾಳೆ ಅಂದ. ಹಂಗೆ ಬೋಳಾಗಿ ಬಿಡಬಾರದು, ಒಂದೂ ಬಿಡಬೇಡ ಅಂದೆ. ಕುಂಕುಮದ ಬಟ್ಟಲು ನಾನೇ ಹಿಡಕಂಡಿದ್ದೆ. ನಾಕಕ್ಕೂ ಇಟ್ಟು ಕೈಮುಗಿದ."

ಸುಂಕಮ್ಮನಿಗೆ ಕಿವಿಯಲ್ಲಿ ಗುಂಯ್ ಅಂದಿತು. ಅತ್ತೆ ಇನ್ನೂ ಏನೋ ಹೇಳುತ್ತಿದ್ದಳು, ನಗಲು ನೋಡುತ್ತಿದ್ದಳು, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಸುಂಕಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಿಟ್ಟರೆ ಕೂಗಿಬಿಡುತ್ತೇನೆ ಅನಿಸಿತು.

ನಾಲ್ಕು ದಿನ ಬಿಟ್ಟು ಶಾಹೀನಾ ಮೇಡಂ ಅವಳನ್ನು ಶೆಡ್ಡಿಗೆ ಕರೆಸಿದರು. ಮೇಜಿನ ಮೇಲೆ ಗೊದ್ದದ ಎಡ ಹಿಂಗಾಲು ಬಿಚ್ಚಿಟ್ಟಿತ್ತು. ಮೇಡಂ ಕೆಟ್ಟವರಲ್ಲ. ಅವರ ಮುಖವೂ ಬಾಡಿ ಹೋಗಿತ್ತು.

"ಸುಂಕಮ್ಮ, ಟೆಸ್ಟರಿನಲ್ಲಿ ಯಾವ ಮೋಟಾರಿಗೆ ಯಾವತ್ತು ಕರೆಂಟು ಹೋಯ್ತು ಅಂತ ಎಲ್ಲ ಉಳಿದಿರುತ್ತೆ. ಹದಿನಾಲ್ಕೇ ಇದೆ. ನಾಲ್ಕಕ್ಕೆ ನಡು ಹಿಡಿಸೇ ಇಲ್ಲ. ಮೂರು ಹೇಗೋ ನಡುವಿನ ಹತ್ತಿರವೇ ಕೂತಿದ್ದವು. ಇದೊಂದು ಮೂವತ್ತು ಡಿಗ್ರಿ ಆಚೆ. ಆದರೆ ನಾಲ್ಕಕ್ಕೂ ಬೊಟ್ಟಿದೆ. ನೀನು ನಡು ಹಿಡಿಸದೆ ಬೊಟ್ಟು ಇಡೋಳಲ್ಲ. ನನಗದು ಗೊತ್ತು. ಯಾರು ಇಟ್ಟಿದ್ದು?"

ಸುಂಕಮ್ಮ ಬಿಚ್ಚಿಟ್ಟ ಕಾಲನ್ನು ಎತ್ತಿ ಬೊಟ್ಟಿನ ಮೇಲೆ ಬೆರಳಾಡಿಸಿದಳು.

"ಸೋಮವಾರ ವಿಚಾರಣೆ. ಸಿಕ್ಕಿಕೊಂಡದ್ದು ಯಾಕೆ ಅಂತ ನೋಡಿ ಆಮೇಲೆ ತೀರ್ಮಾನ ಅಂದಿದ್ದಾರೆ. ಯಂತ್ರದ ತಪ್ಪು ಅಂತಾದರೆ ಗೊದ್ದವೆಲ್ಲ ಗುಜರಿಗೆ ಹೋಗುತ್ತೆ. ಕೈತಪ್ಪು ಅಂತಾದರೆ ಯೋಜನೆ ಉಳಿಯುತ್ತೆ, ಆದರೆ ಯಾರ ಕೈ ಅಂತ ಬರೀಬೇಕು. ಇದ್ದದ್ದು ಇದ್ದ ಹಾಗೆ ಹೇಳು. ನಿನ್ನ ಮೇಲೆ ಎಳ್ಕೋಬೇಡ."

ಹೊರಗೆ ಹೊನ್ನೂರ ಕಾದಿದ್ದ. "ಯಂತ್ರದ ಮೇಲೆ ಹಾಕಿಬಿಡು ತಂಗಿ, ಅದಕ್ಕೇನು ಮಾನ ಹೋಗುತ್ತಾ?" ಅಂದ. ಅವನ ಅಂಗೈ ಕೇಬಲ್ಲು ಎಳೆದು ಎಳೆದು ಸುಲಿದು ಹೋಗಿತ್ತು. ಯಂತ್ರದ ಮೇಲೆ ಹಾಕಿದರೆ ಮುಂದಿನ ವಾರ ಗುಂಡಿಗೆ ಇಳಿಯುವವನು ಇವನೇ. ಅದು ಅವನಿಗೂ ಗೊತ್ತಿತ್ತು. ಆದರೂ ಅವನು ಹಾಗೆ ಹೇಳಿದ್ದಕ್ಕೆ ಸುಂಕಮ್ಮನಿಗೆ ಅಳು ಬಂತು.

ಇದ್ದದ್ದು ಇದ್ದ ಹಾಗೆ ಹೇಳುವುದು ಎಷ್ಟು ಸುಲಭ ನೋಡಿ. ಗಂಡ ಗೊತ್ತಿಲ್ಲದೆ ಇಟ್ಟ, ಹಬ್ಬದ ದಿನ, ಭಕ್ತಿಯಿಂದ. ಯಾರೂ ಅವನನ್ನು ಬೈಯುತ್ತಿರಲಿಲ್ಲ. ಆದರೆ ವಿಚಾರಣೆಯ ಕೋಣೆಯಲ್ಲಿ ತಿಪ್ಪಮ್ಮನೂ ಕೂತಿರುತ್ತಾಳೆ. ಬೊಟ್ಟು ಅಂದರೆ ಏನು, ಬೋಳಾಗಿದ್ದ ನಾಲ್ಕು ಅಂದರೆ ಏನು ಅಂತ ಅಲ್ಲಿ ಬಿಡಿಸಿ ಬಿಡಿಸಿ ಹೇಳುತ್ತಾರೆ. ಒಂದೂ ಬಿಡಬೇಡ ಅಂದವಳಿಗೆ, ಕುಂಕುಮದ ಬಟ್ಟಲು ಹಿಡಿದವಳಿಗೆ, ಆಮೇಲೆ ಉಳಿಯುವುದೇನು? ಗಂಡನನ್ನು ಗುಂಡಿ ತಿಂದಿತು ಅಂತ ಅವಳು ಬದುಕಿಕೊಂಡಿದ್ದಳು. ಮಗನನ್ನು ನಾನೇ ಕಳಿಸಿದೆ ಅಂತ ತಿಳಿದರೆ ಬದುಕುವ ಪೈಕಿ ಅಲ್ಲ ಆ ಮುದುಕಿ. ಸುಂಕಮ್ಮ ಮೂರು ದಿನ ಇದನ್ನೇ ಮನಸ್ಸಿನಲ್ಲಿ ತಿರುವಿ ಹಾಕಿದಳು. ಅತ್ತೆ ಬಡಿಸಿದ ಅನ್ನ ಕಲಸುತ್ತ ಕೂತಿರುತ್ತಿದ್ದಳು.

ಸೋಮವಾರ ವಿಚಾರಣೆಗೆ ಬಂದ ಅಧಿಕಾರಿ ಕನ್ನಡಕ ಒರೆಸಿಕೊಂಡು ಕೇಳಿದ, "ಆ ನಾಲ್ಕು ಮೋಟಾರಿಗೆ ಕುಂಕುಮ ಇಟ್ಟವರು ಯಾರಮ್ಮ?"

"ನಾನೇ ಸಾರ್," ಅಂದಳು ಸುಂಕಮ್ಮ. "ತಂಗಿ ಹೆರಿಗೆ ಅಂತ ಫೋನು ಬಂತು. ಊರಿಗೆ ಹೊರಡೋ ಮುಂಚೇನೇ ಹದಿನೆಂಟಕ್ಕೂ ಬೊಟ್ಟು ಇಟ್ಟುಬಿಟ್ಟೆ. ನಾಕು ಬಾಕಿ ಇದೆ, ಬಂದು ನಡು ಹಿಡಿಸಿದ್ರಾಯ್ತು ಅಂದ್ಕೊಂಡೆ. ಬಂದ ಮೇಲೆ ಮರೆತೆ."

"ಹೊರಡುವ ಮುಂಚೆಯೇ?"

"ಹೂಂ ಸಾರ್. ಪೂಜೆಯ ಹಿಂದಿನ ದಿನಾನೇ."

ಆ ಒಂದು ಮಾತನ್ನು ಅವಳು ಮೂರು ದಿನ ಕೂತು ಹೆಣೆದಿದ್ದಳು. ಬೊಟ್ಟು ಮೊದಲೇ ಇತ್ತು ಅಂದರೆ ತಾಯಿ ಮಗ ಆಮೇಲೆ ಇಟ್ಟದ್ದು ಬರೀ ಪೂಜೆ, ಅದಕ್ಕೂ ಸಾವಿಗೂ ಸಂಬಂಧವಿಲ್ಲ. ಶಾಹೀನಾ ಮೇಡಂ ತಲೆ ಎತ್ತಿ ಅವಳನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಸುಂಕಮ್ಮ ಬೇಡ ಅನ್ನುವ ಹಾಗೆ ನೋಡಿದಳು. ಮೇಡಂ ಬಾಯಿ ಮುಚ್ಚಿಕೊಂಡು ಕಾಗದದ ಕಡೆ ತಿರುಗಿದರು.

ಹಿಂದಿನ ಬೆಂಚಿನಿಂದ ತಿಪ್ಪಮ್ಮ ಎದ್ದಳು. ಬಂದು ಸೊಸೆಯ ಕೆನ್ನೆಗೆ ಹೊಡೆದಳು. ಮತ್ತೊಂದು ಹೊಡೆದಳು. "ಸಾಕಿದ್ನಲ್ಲೇ ನಿನ್ನ! ತಲೆ ಬಾಚಿದ್ನಲ್ಲೇ! ಮರೆತೆ ಅಂತೀಯೇನೇ, ನನ್ನ ಮಗನ್ನ ಮರೆತೆ ಅಂತೀಯೇನೇ!" ಹೊನ್ನೂರ ಬಂದು ಹಿಡಿದುಕೊಳ್ಳುವ ತನಕ ಹೊಡೆಯುತ್ತಲೇ ಇದ್ದಳು. ಸುಂಕಮ್ಮ ಕೈ ಅಡ್ಡ ತರಲಿಲ್ಲ.

ಕೈತಪ್ಪು ಅಂತ ಬರೆದರು. ಗೊದ್ದ ಉಳಿಯಿತು, ಮುಚ್ಚಳದ ಬೀಗಗಳೂ ಉಳಿದವು. ಸುಂಕಮ್ಮನನ್ನು ಶೆಡ್ಡಿನಿಂದ ತೆಗೆದರು. ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ನಿಲ್ಲತೊಡಗಿದರು. ಆ ಹೆಂಗಸರ ಗಂ‍ಡಂದಿರು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದರು, ಮೈಗೆ ವಾಸನೆಯಿಲ್ಲದೆ.

ಮುಂದಿನ ವಾರ ಗುರುವಾರ ಮಧ್ಯಾಹ್ನ ತಿಪ್ಪಮ್ಮ ಮಗಳ ಊರಿಗೆ ಹೊರಟಳು. ಒಂದು ಗಂಟು, ಒಂದು ಚೊಂಬು, ಮಗನ ಒಂದು ಅಂಗಿ. ಸುಂಕಮ್ಮ ಗಂಟು ಹೊರಲು ಹೋದಳು, ಅವಳು ಮುಟ್ಟಗೊಡಲಿಲ್ಲ. ಆದರೂ ಸುಂಕಮ್ಮ ಹತ್ತು ಹೆಜ್ಜೆ ಹಿಂದೆ ಬಸ್‌ಸ್ಟ್ಯಾಂಡಿನ ತನಕ ಹೋದಳು. ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸು ಬಂತು. ತಿಪ್ಪಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ನಿಂತಳು. ಕಂಡಕ್ಟರು ಬೇಗ ಬೇಗ ಅಂತ ಗದರಿದ. ಅವಳು ಕೆಳಗಿಳಿದು ಸುಂಕಮ್ಮನ ಹತ್ತಿರ ಬಂದಳು. ವಾರದಲ್ಲಿ ಮುಖ ಅರ್ಧವಾಗಿತ್ತು.

"ಒಂದು ಮಾತು ಕೇಳ್ತೀನಿ. ನಿಜ ಹೇಳು. ಪೂಜೆ ದಿನ ನಾಕಕ್ಕೆ ಕುಂಕುಮ ಇಲ್ಲ ಅಂದಿದ್ದ ಅವನು. ನಾನು ಇಡು ಅಂದೆ." ಅವಳು ಗಂಟನ್ನು ಬಿಗಿಯಾಗಿ ಅವುಚಿಕೊಂಡಳು. "ಅದು ಮೊದಲೇ ಇತ್ತಾ? ನೀನೇ ಇಟ್ಟಿದ್ಯಾ?"

ಆ ಕಣ್ಣುಗಳನ್ನು ನೋಡಿದ ಮೇಲೆ ಸುಂಕಮ್ಮನಿಗೆ ಎಲ್ಲ ಅರ್ಥವಾಯಿತು. ಅತ್ತೆಯೂ ವಾರವೆಲ್ಲ ಇದನ್ನೇ ನೆನೆದು ಬೇಯುತ್ತಿದ್ದಾಳೆ. ತಬ್ಬಿಕೊಂಡು, ಇಬ್ಬರದೂ ತಪ್ಪಲ್ಲ ಕಣತ್ತೆ ಅಂದುಬಿಡಬೇಕು ಅನಿಸಿತು.

"ಮೊದಲೇ ಇತ್ತು ಅತ್ತೆ," ಅಂದಳು. "ಹೊರಡೋ ಅವಸರದಲ್ಲಿ ತೆಳ್ಳಗೆ ಇಟ್ಟಿದ್ದೆ. ಒಣಗಿ ಉದುರಿರಬೇಕು, ಅವನಿಗೆ ಕಂಡಿಲ್ಲ. ನಾನೇ ಇಟ್ಟಿದ್ದು."

ತಿಪ್ಪಮ್ಮನ ಎದೆಯಿಂದ ಉಸಿರು ಬುಸ್ ಅಂತ ಹೊರಗೆ ಬಂತು. ಹೆಗಲು ಕೆಳಗಿಳಿಯಿತು. ಎಷ್ಟೋ ದಿನದ ಮೇಲೆ ಅವಳು ನೆಟ್ಟಗೆ ನಿಂತಳು. ಆಮೇಲೆ ಸೊಸೆಯ ಕಾಲ ಬಳಿ ನೆಲಕ್ಕೆ ಥೂ ಅಂತ ಉಗುಳಿ, "ಇನ್ನು ನೀನು ಸತ್ತರೂ ನನಗೆ ಹೇಳಿ ಕಳಿಸಬೇಡ," ಅಂದು ಬಸ್ಸು ಹತ್ತಿದಳು.

ಬಸ್ಸು ಮರೆಯಾದ ಮೇಲೆ ಸುಂಕಮ್ಮ ಅಲ್ಲೇ ಸಿಮೆಂಟು ಬೆಂಚಿನ ಮೇಲೆ ಕೂತಳು. ಅಳು ಒತ್ತರಿಸಿ ಬಂತು. ಕಡಲೆಕಾಯಿ ಮಾರುವವಳೊಬ್ಬಳು ಬುಟ್ಟಿ ಇಳಿಸಿ, "ಯಾಕವ್ವ, ಯಾರಾದ್ರೂ ಹೋದ್ರಾ?" ಅಂತ ಕೇಳಿದಳು. ಸುಂಕಮ್ಮ ಹೂಂ ಅಂದಳು. ಓಬಳೇಶನಿಗಾಗಿ ಅವಳ ಜೊತೆ ಕೂತು ಅಳಬಲ್ಲ ಒಬ್ಬಳೇ ಒಬ್ಬಳು ಆ ಬಸ್ಸಿನಲ್ಲಿ ಹೋಗಿಬಿಟ್ಟಿದ್ದಳು.